ಜೈನಬಿ ಖಾಲಾ ಅವರ ಕಣ್ಣು, ನನ್ನ ಗಾಡಿಯ ಪ್ಲಗ್ಗು

ಯಾವುದನ್ನಾದರೂ ಬಿಗಿ ಮಾಡುವಾಗ ಎಲ್ಲಿಗೆ ನಿಲ್ಲಿಸಬೇಕೆಂಬುದು ನನಗೆ ಈ ವಯಸ್ಸಿಗೂ ತಿಳಿದಿಲ್ಲ. ನಾನು ಮುಚ್ಚಿದ ಉಪ್ಪಿನಕಾಯಿ ಡಬ್ಬಿ ತೆರೆಯಲು ಮನೆಯವರೆಲ್ಲ ಸೇರಬೇಕು. ಸಡಿಲ ಉಳಿದೀತೆಂಬ ಭಯಕ್ಕೆ ಇನ್ನೊಂದು ಸುತ್ತು, ಮುರಿದೀತೆಂಬ ಭಯಕ್ಕೆ ಅರ್ಧ ಸುತ್ತು ಹಿಂದಕ್ಕೆ. ಇಂಥವನು ಜೇವರ್ಗಿಯ ತನ್ನ ಮನೆ ಮುಂದೆ ಕಾರಿನ ಬಾನೆಟ್ ಎತ್ತಿ ಸ್ಪಾರ್ಕ್ ಪ್ಲಗ್ ಬದಲಾಯಿಸಲು ನಿಂತನೆಂದರೆ ಕಾರಣ ದೊಡ್ಡದೇ ಇರಬೇಕು.

ಕಾರಣ, ಎದುರು ಮನೆಯ ಜೈನಬಿ ಖಾಲಾ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ಎರಡು ಸಲ ಆಪರೇಷನ್ ತಪ್ಪಿಸಿಕೊಂಡಿದ್ದರು. ಒಮ್ಮೆ ಆಡು ಈಯುವುದಿದೆ ಎಂದು. ಇನ್ನೊಮ್ಮೆ ಯಾರಿಗೂ ಹೇಳದೆ ಹಿರೋಳ್ಳಿಯ ಮಗಳ ಮನೆಗೆ ಹೋಗಿ ಕುಳಿತು. ಮೂರನೆಯ ಸಲ ಮಗ ರಫೀಕ ಗೋಗರೆದಾಗ, "ಬಸ್ಸಿನ್ಯಾಗ ನಾ ಬರಂಗಿಲ್ಲ. ಎದುರು ಮನಿ ಸರ್ ಗಾಡ್ಯಾಗ ಆದ್ರ ಬರ್ತೇನಿ" ಎಂದರು. ದೊಡ್ಡ ರಸ್ತೆಯಲ್ಲಿ ಗಾಡಿ ಓಡಿಸಲು ನಾನು ಹೆದರುತ್ತೇನೆಂಬುದು ಓಣಿಗೆಲ್ಲ ಗೊತ್ತು. ಅದನ್ನು ನಂಬಿಯೇ ಅವರು ಆ ಶರತ್ತು ಹಾಕಿದ್ದು. ನಾನು ಯಾವ ಹುಮ್ಮಸ್ಸಿನಲ್ಲೋ ಹೂಂ ಅಂದುಬಿಟ್ಟೆ. ನಾಳೆ ಬೆಳಿಗ್ಗೆ ಕಲಬುರಗಿಗೆ ಹೊರಡಬೇಕು ಎನ್ನುವಾಗ ಗಾಡಿ ಮಿಸ್ಸಿಂಗ್ ಹೊಡೆಯತೊಡಗಿತು. ಚಳಿಜ್ವರ ಬಂದವರ ಹಾಗೆ ನಿಂತಲ್ಲೇ ನಡುಗುತ್ತಿತ್ತು.

ಗಾಡಿ ರಿಪೇರಿಯ ಮಿಸ್ತ್ರಿ ಮದುವೆಗೆಂದು ಕೊಳಕೂರಿಗೆ ಹೋಗಿದ್ದ. "ಪ್ಲಗ್ ಇಲ್ಲಾ ಕಾಯಿಲ್ ಹೋಗಿರ್ತದ್ರಿ ಸರ್. ನೀವೇ ಹಾಕ್ರಿ, ಏನೂ ಆಗಂಗಿಲ್ಲ" ಎಂದ ಫೋನಿನಲ್ಲಿ. ಏನೂ ಆಗುವುದಿಲ್ಲ ಎಂಬ ಮಾತಿನಷ್ಟು ನನ್ನನ್ನು ಹೆದರಿಸುವುದು ಮತ್ತೊಂದಿಲ್ಲ. ಸಾಮಾನಿಗೇನೂ ಕೊರತೆಯಿರಲಿಲ್ಲ. ಚಿಂತೆಯವನ ಕಪಾಟಿನಲ್ಲಿ ಸಿಗದ ವಸ್ತುವಿಲ್ಲ. ನಾಲ್ಕು ಪ್ಲಗ್ಗು, ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಒಂದು, ಪ್ಲಗ್ ಬಿಚ್ಚುವ ಪಾನಾ, ಎಲ್ಲವನ್ನೂ ಎಂದೋ ತಂದಿಟ್ಟಿದ್ದೆ. "ಇಷ್ಟ್ ದಿನ ಇವಕ್ಕ ಧೂಳ ಒರಸಿದ್ದು ಇವತ್ತ ಸಾರ್ಥಕ ಆತು ನೋಡ್ರಿ" ಎಂದಳು ಹೆಂಡತಿ ಶಾಂತಾ.

ಖಾಲಾ ತಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಕಣ್ಣು ಮಂಜಾದರೂ ಕಿವಿ ಚುರುಕು.

"ಬೇಟಾ, ಗಾಡಿಗೆ ಆರಾಮಿಲ್ಲೇನು?"

"ಸಣ್ಣ ತೊಂದ್ರಿ ಅದ ಖಾಲಾ. ಸರಿ ಮಾಡಾಕತ್ತೇನಿ."

"ಜುಲುಮಿ ಮಾಡಬ್ಯಾಡಪಾ, ಪಾಪ. ಮುಂದಿನ ತಿಂಗಳ ಹೋದ್ರಾತು."

ಒಳಗಿನಿಂದ ರಫೀಕ ಕೂಗಿದ: "ಅಮ್ಮಾ, ಹಿಂದ ಆಡಿನ ಹೆಸರ ಹೇಳ್ದಿ, ಈಗ ಗಾಡಿ ಹೆಸರ ಹೇಳಬ್ಯಾಡ!"

ಎಂಜಿನ್ ಆರಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿ, ಒಂದೊಂದೇ ಕಾಯಿಲ್ ಎತ್ತಿ, ಕೆಳಗಿನ ಪ್ಲಗ್ ಹೊರತೆಗೆದೆ. ಬೆರಳುದ್ದದ ಪಿಂಗಾಣಿ ತುಂಡು! ಋಷಿಗಳು ಅರಣಿ ಕಡೆದು ಬೆವರಿಳಿಸಿ ಪಡೆಯುತ್ತಿದ್ದ ಬೆಂಕಿಯನ್ನು ಇದು ತುದಿಯ ಸಣ್ಣ ಸಂದಿಯಲ್ಲಿ ಸದ್ದಿಲ್ಲದೆ ಹುಟ್ಟಿಸುತ್ತದೆ. ಆ ಕಿಡಿ ತಪ್ಪಿದರೆ ಉಳಿದದ್ದೆಲ್ಲ ಬರೀ ಕಬ್ಬಿಣ. ಹೊಸ ಪ್ಲಗ್ ಬಿಗಿಯುವಾಗ ಹಳೆಯ ರೋಗ ಮರುಕಳಿಸಿತು. ಹೆಚ್ಚು ಬಿಗಿದರೆ ಎಂಜಿನ್ನಿನ ಥ್ರೆಡ್ಡೇ ಕಿತ್ತುಬರುತ್ತದಂತೆ. ಶಾಂತಾ ಪಕ್ಕದಲ್ಲಿ ನಿಂತು "ಸಾಕ್ರಿ" ಅಂದಾಗಲೆಲ್ಲ ಕೈ ಬಿಟ್ಟೆ. ನಮ್ಮ ಸಂಸಾರ ಇಷ್ಟು ದಿನ ಥ್ರೆಡ್ ಕಿತ್ತುಹೋಗದೆ ನಡೆದದ್ದು ಹೇಗೆಂದು ಆಗ ತಿಳಿಯಿತು.

ನಾಲ್ಕೂ ಹೊಸ ಪ್ಲಗ್ ಹಾಕಿದರೂ ನಡುಕ ನಿಲ್ಲಲಿಲ್ಲ. ಕಟ್ಟೆಯ ಮೇಲೆ ಖಾಲಾ ಅವರ ಮುಖ ಅರಳಿತು. ಮತ್ತೆ ಮಿಸ್ತ್ರಿಗೆ ಫೋನು. ಅವನು ಹೇಳಿದಂತೆ ಎಂಜಿನ್ ಚಾಲೂ ಇಟ್ಟು ಒಂದೊಂದೇ ಕಾಯಿಲಿನ ವೈರು ಬಿಡಿಸಿದೆ. ಉಳಿದವನ್ನು ಬಿಡಿಸಿದಾಗ ನಡುಕ ಹೆಚ್ಚಿತು, ಎರಡನೆಯದನ್ನು ಬಿಡಿಸಿದಾಗ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ. ಅಲ್ಲಿ ಮೊದಲೇ ಕೆಲಸ ನಡೆಯುತ್ತಿರಲಿಲ್ಲ. ಗಾಡಿ ಬಂದ್ ಮಾಡಿ ಆ ಕಾಯಿಲನ್ನು ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಅಲ್ಲಿಗೆ ಹಾಕಿ ನೋಡಿದರೆ, ರೋಗ ಮೂರನೆಯ ಜಾಗಕ್ಕೆ ಹೋಗಿತ್ತು. ದೋಷ ಜಾಗದ್ದಲ್ಲ, ಕಾಯಿಲಿನದು.

ಪಾನಾ ಹಿಡಿದವನು ಹಾಗೇ ನಿಂತುಬಿಟ್ಟೆ. ಆಳಂದದಲ್ಲಿ ನೌಕರಿ ಮಾಡುವಾಗ ಮಾದನಹಿಪ್ಪರಗಾದ ಬಸ್ಸು ತಪ್ಪೀತೆಂದು ನಿದ್ದೆಯಿರಲಿಲ್ಲ. ಈ ಊರೇ ಸರಿಯಿಲ್ಲ ಎಂದೆ. ಅಫಜಲಪುರಕ್ಕೆ ವರ್ಗವಾಯಿತು, ಭೀಮೆ ಉಕ್ಕೀತೆಂದು ನಿದ್ದೆ ಹೋಯಿತು. ಜೇವರ್ಗಿಗೆ ಬಂದೆ, ಎರೆಮಣ್ಣು ಬಿರಿದು ಗೋಡೆ ಸೀಳೀತೆಂಬ ಚಿಂತೆ. ಸರಕಾರ ಇಷ್ಟು ವರ್ಷ ನನ್ನನ್ನು ಎತ್ತಿ ಎತ್ತಿ ಹಾಕಿ ಪರೀಕ್ಷೆ ಮಾಡಿತ್ತು. ಫಲಿತಾಂಶ ಮಾತ್ರ ನನಗೆ ಈಗ ತಿಳಿಯಿತು. ಗಾಡಿಗಾದರೆ ಹೊಸ ಕಾಯಿಲ್ ಕಪಾಟಿನಲ್ಲಿತ್ತು.

ಅದನ್ನು ಹಾಕಿದೊಡನೆ ಎಂಜಿನ್ ತಣ್ಣಗೆ ಗುನುಗಿತು. ರಫೀಕ ಚಪ್ಪಾಳೆ ಹೊಡೆದ. ಖಾಲಾ ಮಾತ್ರ ಗೋಡೆ ಹಿಡಿದುಕೊಂಡು ಒಳಗೆ ಹೋದರು. ನನ್ನ ಸಂತೋಷ ಅಲ್ಲೇ ಸೋರಿತು. ಅವರ ಕೊನೆಯ ನೆಪವನ್ನು ನಾನೇ ರಿಪೇರಿ ಮಾಡಿಟ್ಟಿದ್ದೆ.

ಮರುದಿನ ಅವರು ಮುಂದಿನ ಸೀಟಿನಲ್ಲಿ ಕುಳಿತರು. ಹಿಂದಿನಿಂದ ರಫೀಕ ದಾರಿಯುದ್ದಕ್ಕೂ, "ಏನೂ ನೋವಾಗಂಗಿಲ್ಲಮ್ಮಾ, ಹೆದರಬ್ಯಾಡ" ಅನ್ನುತ್ತಲೇ ಇದ್ದ. ಖಾಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. ಭೀಮೆಯ ಸೇತುವೆಯ ಮೇಲೆ ಎದುರಿಗೆ ಲಾರಿಗಳ ಸಾಲು. ನಾನು ಉಸಿರು ಹಿಡಿದದ್ದು ಅವರಿಗೆ ಕೇಳಿಸಿರಬೇಕು.

"ಬೇಟಾ, ಹೆದರಿಕಿ ಆಗಾಕತ್ತದೇನು?"

ಇಲ್ಲ ಎಂದು ಸುಳ್ಳು ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ. "ಭಾಳ ಆಗಾಕತ್ತದ್ರಿ ಖಾಲಾ. ಪ್ಲಗ್ ಸಡ್ಲಾದ್ರ ಹೆಂಗ, ಲಾರಿ ಬಡದ್ರ ಹೆಂಗ, ದವಾಖಾನಿ ಮುಂದ ಗಾಡಿ ನಿಲ್ಸಾಕ ಜಾಗ ಸಿಗ್ಲಿಲ್ಲಂದ್ರ ಹೆಂಗ..."

ಖಾಲಾ ಆ ದಿನ ಮೊದಲ ಸಲ ನಕ್ಕರು. "ಯಾ ಅಲ್ಲಾ! ನಾ ಒಬ್ಬಾಕೀನೇ ಹಿಂಗ ಅಂತ ತಿಳಿದಿದ್ದೆ. ಮತ್ತ ಗಾಡಿ ಹೆಂಗ ಹೊಡಿತಿಯೋ?"

"ಹೆದ್ರಕೊಂತನೇ ಹೊಡಿತೇನ್ರಿ."

ಸೇತುವೆ ದಾಟುವುದರೊಳಗೆ ಅವರು ಬೆರಳಿನ ಸೆರಗು ಬಿಚ್ಚಿದ್ದರು. ದವಾಖಾನೆಯಲ್ಲಿ ಹೆಸರು ಕೂಗಿದಾಗ ರಫೀಕ ಮತ್ತೆ ಬಾಯಿ ತೆರೆದ. "ಹೆದರಬ್ಯಾಡ ಅನ್ನಬ್ಯಾಡ ನೀ. ಹೆದ್ರಕೊಂತನೇ ಹೋಗಿ ಬರ್ತೇನಿ" ಎಂದು ಅವನ ಕೈ ಬಿಡಿಸಿಕೊಂಡು ಒಳಗೆ ನಡೆದರು.

ಓಣಿಯವರೆಲ್ಲ ಧೈರ್ಯ ಹೇಳಿ ಆಗದ ಕೆಲಸ ನನ್ನ ಹೆದರಿಕೆಯಿಂದ ಆಗಿತ್ತು. ಆ ಸಮಾಧಾನದಲ್ಲಿ, ಗಾಡಿಗೆ ಕೀಲಿ ಹಾಕಿದ್ದೇನೆಯೋ ಇಲ್ಲವೋ ಎಂದು ನೋಡಲು ಎರಡೇ ಎರಡು ಸಲ ಹೊರಗೆ ಹೋಗಿಬಂದೆ.