ಶಿಲುಬೆಗೆ ಹೆದರಿದ ದಂಡನಾಯಕ

ರೋಮಿನ ಹಳೆಯ ವೈರಿಯಾದ ಕಾರ್ತೇಜ್ ಪಟ್ಟಣದ ದಂಡನಾಯಕರು ಶತ್ರುಗಳಿಗಿಂತ ತಮ್ಮೂರಿನ ಹಿರಿಯರಿಗೇ ಹೆಚ್ಚು ಹೆದರುತ್ತಿದ್ದರು. ಸೋತು ಬಂದವನನ್ನು ಊರವರೇ ಶಿಲುಬೆಗೇರಿಸುತ್ತಿದ್ದರು. ಸಾಸ್ವೆಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಮುಖ್ಯೋಪಾಧ್ಯಾಯನಾದ ನಾನು ಈ ಪಾಠವನ್ನು ಎಂಟನೇ ತರಗತಿಗೆ ಕೈ ಬೀಸಿ ಬೀಸಿ ಹೇಳುತ್ತಿದ್ದೆ. ಹೇಳುವಾಗಲೇ ಹೊನ್ನಾಳಿಯಲ್ಲಿ ನಡೆಯುವ ತಾಲ್ಲೂಕಿನ ಫಲಿತಾಂಶದ ಸಭೆ ನೆನಪಾಗುತ್ತಿತ್ತು. ಅಂಕ ಕಡಿಮೆ ಬಂದ ಶಾಲೆಯವರನ್ನು ಅಲ್ಲಿ ಎಲ್ಲರೆದುರು ನಿಲ್ಲಿಸಿ, ಕೈಗೆ ಮೈಕು ಕೊಡುತ್ತಾರೆ.

ಆ ದಂಡನಾಯಕರಲ್ಲಿ ಒಬ್ಬ ಉಪಾಯ ಹೂಡಿದ. ಕಡಲಿನಲ್ಲಿ ಸೋತ ಕೂಡಲೇ, ಸುದ್ದಿ ಮುಟ್ಟುವ ಮೊದಲೇ, ಊರಿಗೆ ದೂತನನ್ನು ಅಟ್ಟಿದ. "ರೋಮಿನ ಹಡಗುಗಳು ಎದುರಿಗಿವೆ, ಯುದ್ಧ ಮಾಡಲೋ ಬೇಡವೋ?" ಹಿರಿಯರು "ಮಾಡಲಿ" ಎಂದರು. "ಮಾಡಿದ, ಸೋತ" ಎಂದ ದೂತ. ತಾವೇ ಮಾಡಲಿ ಎಂದ ಯುದ್ಧಕ್ಕೆ ಅವನನ್ನು ಶಿಲುಬೆಗೇರಿಸಲು ಹಿರಿಯರಿಗೆ ಆಗಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಪಕ್ಕದ ಕೋಣೆಯಲ್ಲಿದ್ದ ಅತಿಥಿ ಶಿಕ್ಷಕಿಯೂ ಅದನ್ನು ಕೇಳಿಸಿಕೊಂಡಿದ್ದರು.

ನ್ಯಾಮತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಆಕೆಯ ಅಕ್ಷರ ಮುತ್ತು ಪೋಣಿಸಿದಂತಿತ್ತು. ಹಾಗಾಗಿ ಸಭೆಗೆ ಒಯ್ಯುವ ಅಂಕಗಳ ಚಾರ್ಟು ಬರೆಯುವ ಕೆಲಸ ಆಕೆಗೇ ಬಿದ್ದಿತ್ತು. ಸಭೆಯ ಹಿಂದಿನ ಸಂಜೆ ಬಾಗಿಲಲ್ಲಿ ನಿಂತು ಕೇಳಿದರು.

"ಸಾರ್, ಪೆನ್ಸಿಲ್ ಬಿಟ್ಟು ನೇರ ಸ್ಕೆಚ್ ಪೆನ್ನಾಗೇ ಬರೀಲಾ?"

"ಬರೀರಿ ಮೇಡಂ, ಎರಡೆರಡು ಸಲ ಬರೆಯಾಕೆ ಟೈಮ್ ಎಲ್ಲೈತೆ?"

"ಬರ್ದೀನಿ ಸಾರ್. ನಡುವೆ ಒಂದು ಸಾಲು ತಪ್ಪೈತೆ. ಅಲ್ಲಿಂದ ಕೆಳಗೆ ಒಬ್ಬರ ಮಾರ್ಕ್ಸು ಇನ್ನೊಬ್ಬರ ಹೆಸರಿಗೆ ಹೋಗೈತೆ."

ಆಕೆ ಚಾರ್ಟನ್ನು ನನ್ನ ಮೇಜಿನ ಮೇಲೆ ಬಿಡಿಸಿದರು. ಒಂದು ಮಾತಿಗೆ ಹೋಗಿಬಿಡುವ ಕೆಲಸ ಆಕೆಯದು. ನನಗೆ ನಗು ಬಂತು. "ನನ್ನ ಪಾಠ ನನಗೇ ಒಪ್ಪಿಸಿದ್ರಲ್ಲ! ಬಸ್ಸು ತಪ್ಪೀತು, ಹೋಗ್ರಿ. ಯಾರು ಕೇಳಿದ್ರೂ ನಾನು ನೋಡ್ಕಂತೀನಿ."

ಮಾರನೆಯ ದಿನ ಸಭೆಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಸರಿಯಾಗಿ ಆ ಸಾಲಿನ ಮೇಲೇ ಬೆರಳಿಟ್ಟರು. "ಇದನ್ನ ಬರೆದೋರು ಯಾರ್ರೀ?" ಮೈಕು ನನ್ನ ಕೈಯಲ್ಲಿತ್ತು.

"ನಮ್ಮ ಅತಿಥಿ ಶಿಕ್ಷಕಿ ಸಾರ್."

"ನಾಳೆಯಿಂದ ಬರೋದು ಬ್ಯಾಡ ಅನ್ರಿ."

"ಆಗ್ಲಿ ಸಾರ್" ಎಂದು ಕುಳಿತೆ. ನಾಚಿಕೆಗಿಂತ ಮೊದಲು ಮನಸ್ಸು ನಿರಾಳವಾಯಿತು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಬಗ್ಗೆಯೇ ಭಯವಾಗುತ್ತದೆ.

ಈ ವರ್ಷ ಅದೇ ಪಾಠ ಮುಗಿಸಿದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಆಮ್ಯಾಲೆ ಅವನು ಏನಾದ ಸಾರ್?"

ಇನ್ನೊಮ್ಮೆ ಸೋತಾಗ ಅವನ ಕಡೆಯವರೇ ಅವನನ್ನು ಶಿಲುಬೆಗೇರಿಸಿದ್ದು ನನಗೆ ಗೊತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಅದು ಪುಸ್ತಕದಾಗೆ ಇಲ್ಲಮ್ಮ, ಕುತ್ಕ" ಎಂದೆ.