ನರ್ಸ್‌ಬಾಯಿಯ ಹಳೇ ಜೀಪು

ಮೊನ್ನೆ ನೆರೆಮನೆಯವರು ಬಾಟಲಿಯಿಂದ ಸ್ಕೂಟರಿಗೆ ಪೆಟ್ರೋಲ್ ಸುರಿಯುವಾಗ ಕೈತಪ್ಪಿ ಅಂಗಳಕ್ಕೆಲ್ಲ ಚೆಲ್ಲಿದರು. ಉಳಿದವರು ಮೂಗು ಮುಚ್ಚಿಕೊಂಡರು. ಜಗಲಿಯಲ್ಲಿ ಕೂತಿದ್ದ ನಾನು ಮಾತ್ರ ಮೂಗರಳಿಸಿದೆ. ಅದಕ್ಕೆ ಚೂರು ಫಿನಾಯಿಲ್ ವಾಸನೆಯೂ ಸೇರಿದ್ದರೆ ನರ್ಸ್‌ಬಾಯಿ ಬಂದರೆಂದೇ ಎದ್ದು ನಿಲ್ಲುತ್ತಿದ್ದೆ…

ನಾನು ಮದುವೆಯಾಗಿ ಉರ್ವಕ್ಕೆ ಬಂದ ಹೊಸತು, ಐವತ್ತರ ದಶಕದ ಕೊನೆ. ಪಕ್ಕದ ಮನೆಯಲ್ಲಿ ನರ್ಸ್‌ಬಾಯಿಯೂ ಲಾರಿ ಓಡಿಸುವ ಅವರ ತಮ್ಮನೂ ಇದ್ದರು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದ ಕೊಂಕಣಿ ಹೆಂಗಸು. ಸ್ವಂತ ಮದುವೆಗೆ ಪುರುಸೊತ್ತೇ ಸಿಗಲಿಲ್ಲ ಎಂದು ತಾವೇ ನಗಾಡುತ್ತಿದ್ದರು. ಆ ಮಳೆಗಾಲದಲ್ಲಿ ಕಾಟಿಪಳ್ಳದ ಕಡೆಯ ಬಸುರಿಯೊಬ್ಬಳನ್ನು ಎತ್ತಿನಗಾಡಿಯಲ್ಲಿ ಕಂಕನಾಡಿಯ ಆಸ್ಪತ್ರೆಗೆ ತರುವಾಗ, ಅವಳು ದಾರಿಯಲ್ಲೇ ಇವರ ಕೈಯಲ್ಲಿ ತೀರಿಕೊಂಡಳು. ಅಂದಿನಿಂದ ನರ್ಸ್‌ಬಾಯಿಗೆ ಒಂದೇ ಧ್ಯಾನ: ಗುಡ್ಡ ಹತ್ತುವ ವಾಹನವೊಂದು ಬೇಕು.

ಸಿಕ್ಕಿದ್ದು ಮಿಲಿಟರಿಯವರು ಹರಾಜು ಹಾಕಿದ್ದ ಜೀಪು. ಯುದ್ಧಕಾಲದಲ್ಲಿ ಓಡಿ, ಆಮೇಲೆ ಘಟ್ಟದ ಕಾಫಿತೋಟದಲ್ಲಿ ಓಡಿ, ಮೈಲಿ ತೋರಿಸುವ ಮೀಟರೇ ಸತ್ತುಹೋಗಿತ್ತು. ಅವರ ತಮ್ಮ ಬಾನೆಟ್ ಎತ್ತಿ ನೋಡಿ, ಇದಕ್ಕಿಂತ ಒಂದು ಕತ್ತೆ ಸಾಕುವುದು ಮೇಲು ಎಂದ. ಬಾಯಿ ಇಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಕೊಳ್ಳುವ ಮೊದಲೇ ಹಿಂದುಗಡೆ ಚಾಪೆ ಹಾಸಿ ಅಂಗಾತ ಮಲಗಿ, ಬಸುರಿಯ ಹಾಗೆ ಹೊಟ್ಟೆಯ ಮೇಲೆ ಹುಲ್ಲಿನಲ್ಲಿ ಸುತ್ತಿದ ಸಣ್ಣದೊಂದು ಅಕ್ಕಿಮುಡಿ ಕಟ್ಟಿಕೊಂಡರು. ತಲೆ ಹಿಡಿದುಕೊಳ್ಳಲು ನಾನು. ಕಾಟಿಪಳ್ಳಕ್ಕೆ ಹೋಗಿ, ಅಲ್ಲಿಂದ ನಿಲ್ಲಿಸದೆ ಆಸ್ಪತ್ರೆಗೆ ಬಿಡು ಎಂದು ತಮ್ಮನಿಗೆ ಅಪ್ಪಣೆಯಾಯಿತು.

ಮುರಕಲ್ಲಿನ ಆ ದಾರಿಯಲ್ಲಿ ಜೀಪು ಕುಣಿದ ಕುಣಿತ… ನನಗೆ ನಗು ತಡೆಯಲಿಲ್ಲ. ಬಾಯಿ ನಗಲಿಲ್ಲ. ಹೊಂಡ ಬಂದಾಗಲೆಲ್ಲ ಹಲ್ಲು ಕಚ್ಚಿಕೊಂಡು, ಹೊಡೆತ ಎಲ್ಲಿ ಬೀಳುತ್ತದೆ, ಕಾಲು ಎಲ್ಲಿ ಊರಬಹುದು, ಕೈಗೆ ಹಿಡಿಯಲು ಎಂತ ಸಿಗುತ್ತದೆ ಎಂದು ನೋಡುತ್ತಿದ್ದರು. ಒಂದು ಏರಿನಲ್ಲಿ ಜೀಪು ಕೆಮ್ಮಿ ನಿಂತಿತು. ತಮ್ಮ ಹಿಂದಕ್ಕೆ ಬಿಟ್ಟು ಮತ್ತೆ ಹತ್ತಿಸಿದ. ಆಸ್ಪತ್ರೆಯ ಗೇಟಿನಲ್ಲಿ ಇಳಿದಾಗ ಬಾಯಿಗೆ ಸೊಂಟ ನೆಟ್ಟಗಾಗಲಿಲ್ಲ. ಇನ್ನಾದರೂ ಬೇಡ ತಾನೇ ಎಂದು ತಮ್ಮ ಕೇಳಿದ.

“ಬೆನ್ನು ಮುರಿಯಿತು, ಹೌದು. ಆದ್ರೆ ಎತ್ತಿನಗಾಡಿಯಲ್ಲಾದ್ರೆ ನಾವಿನ್ನೂ ಆ ಏರಿನಲ್ಲೇ ಇರ್ತಿದ್ದೆವು. ಬೆನ್ನುನೋವಿಗೆ ಎಣ್ಣೆ ಉಂಟು ಮಾರಾಯ. ಸತ್ತವಳಿಗೆ ಎಂತ ಉಂಟು?”

ಜೀಪು ಮನೆಗೆ ಬಂತು. ಚಾಪೆಯ ಜಾಗಕ್ಕೆ ದಪ್ಪ ಹತ್ತಿಯ ಹಾಸಿಗೆ, ಕಾಲು ಊರಲು ಹಲಗೆ, ಹಿಡಿಯಲು ಒಂದು ಹಗ್ಗ. ಎಂಥ ಗಟ್ಟಿ ಹೆಂಗಸು ಎಂದು ನಾನು ಬೆರಗಾದದ್ದು ಆಗ ಅಲ್ಲ, ಮರುವರ್ಷ. ಚೊಚ್ಚಲ ಹೆರಿಗೆಗೆಂದು ಕಾಟಿಪಳ್ಳದ ತವರಿಗೆ ಹೋಗಿದ್ದೆ. ಮಗು ಅಡ್ಡ ತಿರುಗಿತ್ತು. ಬಾಯಿಯ ಮಡಿಲಲ್ಲಿ ತಲೆಯಿಟ್ಟು ಅದೇ ಜೀಪಿನಲ್ಲಿ ಹೊರಟೆ. ನೋವು ಬಂದು ಕೈ ಚಾಚಿದರೆ ಹಗ್ಗ ಸರಿಯಾಗಿ ಕೈಗೆಟುಕುವಲ್ಲೇ ಇತ್ತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದೆವು. ನಾನೂ ಉಳಿದೆ, ಮಗಳೂ ಉಳಿದಳು.

ಮಗಳಿಗೆ ನೆನಪು ಹತ್ತುವ ಮೊದಲೇ ಬಾಯಿ ತೀರಿಕೊಂಡರು, ಅದಾಗಿ ಎಷ್ಟೋ ಕಾಲವಾಯಿತು, ಅವರ ತಮ್ಮನೂ ಇಲ್ಲ. ಈ ಕತೆ ಕೇಳಿದ ಮಗಳು ಅವರ ಫೋಟೊ ಉಂಟಾ ಅಮ್ಮ ಎಂದಳು. ಇಲ್ಲ. ತೆಗೆಸಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅವಳನ್ನು ಈ ಲೋಕದಲ್ಲಿ ಮೊದಲು ಎತ್ತಿಕೊಂಡವರ ಮುಖ ಬಲ್ಲವಳು ಈಗ ನಾನೊಬ್ಬಳೇ. ನಾನೂ ಇನ್ನೆಷ್ಟು ದಿನ…