ಗೋವಾ ಬಸ್ಸಿಗೂ ಮುಂಚೆ ಒಂದು ಕಾರ್ಡು

ಸೋಮವಾರ ಬೆಳಗಿನ ಆರೂವರೆ. ಕುಳಗೇರಿ ಕ್ರಾಸಿನ ಫೋಟೋ ಸ್ಟುಡಿಯೋದಲ್ಲಿ ಶೈಲಾ ಉಗುರಿನಷ್ಟೇ ಇರುವ ಮೆಮರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದಾಳೆ. ಎದುರಿಗೆ ಯಮನವ್ವ, ಕಾಲ ಬಳಿ ಗಂಟು. ಏಳಕ್ಕೆ ಗೋವಾ ಬಸ್ಸು. ಗಂಡ ಅಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ, ಈಗ ಈಕೆಯೂ ಹೊರಟಿದ್ದಾಳೆ. ಹನ್ನೊಂದು ತಿಂಗಳ ಮಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ. ಹೊರಗೆ ಕಟ್ಟೆಯ ಮೇಲೆ ಯಮನವ್ವನ ತಾಯಿ ಸಾವಿತ್ರೆವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಳೆ. ನಿನ್ನೆ ಇಲ್ಲೇ ತೆಗೆಸಿದ ಇಪ್ಪತ್ತು ಫೋಟೋ ಯಮನವ್ವನ ಮೊಬೈಲಿಗೆ ಬರಬೇಕು. ಮಗಳ ಮುಖ ಮತ್ತೆ ಕಾಣುವುದು ಮಳೆಗಾಲಕ್ಕೇ.

"ಭಡಾಭಡಾ ಹಾಕ ತಂಗಿ."

"ಹಾಕೂದು ಎರಡ ನಿಮಿಷದ ಕೆಲಸ ಅಕ್ಕಾ. ಕಾಣೂವಂಗ ಹಾಕಾಕ ಹೊತ್ತ ಹಿಡೀತೈತಿ."

ಇಲ್ಲಿಗೆ ಬರುವವರ ಕೈಯಲ್ಲಿರುವುದು ಅಗ್ಗದ ಚೈನಾ ಸೆಟ್ಟು. ಕ್ಯಾಮೆರಾದ ದೊಡ್ಡ ಫೋಟೋ ಅದರಲ್ಲಿ ತೆರೆಯುವುದಿಲ್ಲ. ಒಂದೊಂದನ್ನೂ ಸಣ್ಣದು ಮಾಡಿಯೇ ಇಳಿಸಬೇಕು.

ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಶೈಲಾ ಇಲ್ಲಿ ಸೇರಿದ್ದು ಕಸ ಹೊಡೆಯಲು. ಮಾಲೀಕ ಕಾಶಪ್ಪ ಕಂಪ್ಯೂಟರಿನ ಮುಂದೆ ಕೂತರೆ, ಕಸಬರಿಗೆ ಹಿಡಿದೇ ನೋಡಿ ನೋಡಿ ಕಲಿತಳು. ಈಗ, 2009ರಲ್ಲಿ, ದಿನಕ್ಕೆ ಇಪ್ಪತ್ತು, ಗೋವಾಕ್ಕೆ ಹೊರಡುವವರು ಹೆಚ್ಚಿರುವ ಸೋಮವಾರವಾದರೆ ನಲವತ್ತು ಕಾರ್ಡು ಅವಳ ಕೈಯಿಂದ ಹೋಗುತ್ತವೆ. ಬೋರ್ಡಿನ ಮೇಲೆ ಹೆಸರು ಕಾಶಪ್ಪನದು.

ಮೊದಲ ವರ್ಷ ರಾಜಮಹ್ಮದ ಎಂಬ ಗೌಂಡಿಗೆ ಅವಳು ನೋಡದೆ ಕಾರ್ಡು ಕೊಟ್ಟಿದ್ದಳು. ಅವನು ಮಡಗಾವಿಗೆ ಹೋಗಿ ತೆರೆದರೆ ಮಕ್ಕಳಿಲ್ಲ, ಬರೀ ಬಿಳಿ ಚೌಕ. "ಎಂಟ ತಿಂಗಳ ಮ್ಯಾಲ ಬಂದು ನನ್ನ ಮುಂದ ನಿಂತ. ಬೈಲಿಲ್ರಿ. ಬೈದಿದ್ರ ಚಲೋ ಇತ್ತು," ಎಂದು ಶೈಲಾ ಈಗಲೂ ಹೇಳುತ್ತಾಳೆ. ಅಂದಿನಿಂದ ಪ್ರತಿ ಫೋಟೋವನ್ನೂ ಗಿರಾಕಿಯ ಮೊಬೈಲಿನಲ್ಲೇ ತೆರೆದು ನೋಡದ ಹೊರತು ಶೈಲಾ ಕಾರ್ಡು ಬಿಡುವುದಿಲ್ಲ.

ಕರೆಂಟು ಹೋಗುತ್ತದೆ. ಯುಪಿಎಸ್ ಕೂಗತೊಡಗುತ್ತದೆ. ಅದರ ಆಯುಷ್ಯ ಆರೇಳು ನಿಮಿಷ. ಸಣ್ಣದಾಗಿರುವುದು ಒಂಬತ್ತು ಫೋಟೋ. ಹೊರಗೆ ಬಸ್ಸು ಬಂದು ನಿಂತು ಹಾರ್ನು ಹೊಡೆಯುತ್ತದೆ.

"ಉಳಿದೂವು ಹಂಗ ಹಾಕಿಬಿಡ, ಬಸ್ಸಿನಾಗ ನೋಡ್ತೇನಿ!"

"ಇಲ್ಲ ಅಕ್ಕಾ."

ಒಂಬತ್ತನ್ನಷ್ಟೇ ಇಳಿಸಿ ಶೈಲಾ ಮೊಬೈಲಿನ ಬ್ಯಾಟರಿ ತೆಗೆದು, ಅದರ ಕೆಳಗೆ ಕಾರ್ಡು ತೂರಿಸಿ, ಮತ್ತೆ ಚಾಲೂ ಮಾಡುತ್ತಾಳೆ. ಒಂದು. ಎರಡು. ಮೂರು. ನಾಲ್ಕನೆಯದು ಬಿಳಿ ಚೌಕ.

"ಏ ಯವ್ವಾ, ಗೋವಾಕ್ಕ ಬರಾಕಿ ನೀನೋ, ನಿನ್ನ ಮೊಬೈಲೋ?" ಕಂಡಕ್ಟರ್ ಬಾಗಿಲಲ್ಲಿ ನಿಂತು ಒದರುತ್ತಾನೆ.

ಯಮನವ್ವನ ಕಣ್ಣು ತುಂಬುತ್ತವೆ. ಶೈಲಾ ತಲೆಯೆತ್ತುವುದಿಲ್ಲ. ಬ್ಯಾಟರಿ ತೆಗೆ, ಕಾರ್ಡು ತೆಗೆ, ನಾಲ್ಕನೆಯದನ್ನು ಇನ್ನೊಮ್ಮೆ ಸಣ್ಣದು ಮಾಡು. ಅವಳು ಕಾರ್ಡು ಹೊರಗೆಳೆದ ಬೆನ್ನಿಗೇ ಕಂಪ್ಯೂಟರ್ ಕಪ್ಪಾಗುತ್ತದೆ. ಕಾರ್ಡು ಮತ್ತೆ ಸೇರಿಸಿದ ಮೊಬೈಲು ನಿಧಾನಕ್ಕೆ ಕಣ್ಣು ಬಿಡುತ್ತದೆ. ನಾಲ್ಕನೆಯದರಲ್ಲಿ ಕೂಸು ಎರಡೇ ಹಲ್ಲು ತೋರಿಸಿ ನಗುತ್ತಿದೆ. ಒಂಬತ್ತರವರೆಗೂ ಒತ್ತಿ ನೋಡಿಯೇ ಶೈಲಾ ಅದನ್ನು ಯಮನವ್ವನ ಅಂಗೈಗೆ ಇಡುತ್ತಾಳೆ.

ಯಮನವ್ವನನ್ನು ಹತ್ತಿಸಿಕೊಂಡು ಬಸ್ಸು ಹೊರಟುಹೋಗುತ್ತದೆ. ಸಾವಿತ್ರೆವ್ವ ಕೂಸನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಇಣುಕುತ್ತಾಳೆ.

"ಇಪ್ಪತ್ತೂ ಹೋದುವೇನ ಯವ್ವಾ?"

"ಒಂಬತ್ತರೀ ಆಯಿ," ಎನ್ನುತ್ತಾಳೆ ಶೈಲಾ. "ಒಂಬತ್ತೂ ತೆರದು ನೋಡೇನಿ."